ಎರಡು ಕಪ್ಪು

ಡಂಡೀ ಪಟ್ಟಣ, ಎಪ್ಪತ್ತೊಂದರ ನವೆಂಬರು.
ಮಧ್ಯಾಹ್ನ ಮೂರೂವರೆಗೇ ದೀಪ ಹಚ್ಚುವ ಕಾಲ.
ಸೆಣಬಿನ ಹಳೆ ಗೋದಾಮೊಂದನ್ನು ಬಾಡಿಗೆಗೆ ಹಿಡಿದು
ವಿಶ್ವವಿದ್ಯಾಲಯ ನಮಗೆ ಕೊಟ್ಟಿತ್ತು.
ಒಂದು ಕ್ಯಾಮೆರಾ, ಒಂದು ಕಬ್ಬಿಣದ ಕೈ,
ಗೋಡೆಯುದ್ದಕ್ಕೂ ಗೊರಕೆ ಹೊಡೆಯುವ ಕಂಪ್ಯೂಟರು,
ಥಂಡಿ ಏರಿದರೆ ನೆಲದ ಹಲಗೆಯಿಂದೇಳುವ
ತಿಮಿಂಗಿಲದೆಣ್ಣೆಯ ಹಳಸಲು ವಾಸನೆ.

ಮೇಜಿನ ಮೇಲೆ ಒಂದು ಬಿಳಿ ಕಪ್ಪು.
ಎತ್ತಬೇಕು. ಅಷ್ಟೇ ನಮ್ಮ ಸಂಶೋಧನೆ.

ಹನ್ನೊಂದು ನಿಮಿಷ ದಿಟ್ಟಿಸಿ ನೋಡಿ
ಯಂತ್ರ ಕಾಗದದ ಮೇಲೆ ಟಕಟಕ ಹೊಡೆಯಿತು:
ಕಪ್ಪು ಎರಡು.
ಒಂದು ಕಪ್ಪು,
ಇನ್ನೊಂದು ಅದರ ಮಗ್ಗುಲಲ್ಲಿ ಬಿದ್ದ ಕಪ್ಪು.
ಕೈ ಹೋಗಿ ನೆರಳನ್ನೇ ಹಿಡಿಯಿತು,
ಜೋಪಾನವಾಗಿ ಎತ್ತಿತು,
ಒಂದು ತೊಟ್ಟೂ ಚೆಲ್ಲದ ಹಾಗೆ ತಂದು
ನನ್ನ ಮುಂದಿಟ್ಟಿತು.

'ನೆರಳು ಅಂದರೇನು, ಬರೆದು ತಾ'
ಅಂದರು ಡಾಕ್ಟರ್ ಫಾರ್ಕರ್, ಪೈಪು ಕೊಡವುತ್ತ.
ಬರೆದೆ. ನಲವತ್ತಮೂರು ಪುಟ.
ಅಂಚು, ಕೋನ, ಬೆಳಕಿನ ಇಳಿಜಾರು,
ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ.
ನಲವತ್ತನಾಲ್ಕಕ್ಕೆ ಕೈಹಚ್ಚುವಷ್ಟರಲ್ಲಿ
ಟೇ ನದಿಯ ಮೇಲೆ ಮೋಡ ಸರಿಯಿತು,
ಮೇಜಿನ ಮೇಲೆ ಬೇರೆಯೇ ನೆರಳು.

ನೆಟ್ಟಿ ಸ್ಟ್ರಾಕನ್ ನಮ್ಮಲ್ಲಿ ತಂತಿ ಬೆಸೆಯುತ್ತಿದ್ದಳು.
ಅದಕ್ಕೂ ಮುಂಚೆ ಇಪ್ಪತ್ತೆಂಟು ವರ್ಷ ಸೆಣಬಿನ ಮಗ್ಗ.
ಆ ಗದ್ದಲಕ್ಕೆ ಕಿವಿ ತೆತ್ತು ಬಂದವಳು.
ಅಲ್ಲಿ ಹೆಂಗಸರ ಮಾತೆಲ್ಲ ತುಟಿಯಲ್ಲಿ, ಬೆರಳಲ್ಲಿ:
ಮೇಸ್ತ್ರಿ ಬಂದ ಎನ್ನಲು ಒಂದು ಸನ್ನೆ,
ಬಸುರಿಗೊಂದು, ಸಂಬಳದ ದಿನಕ್ಕೊಂದು.

ಅವಳೆದುರು ನಿಂತು ತುಟಿ ಬಿಡಿಸಿ ಕೇಳಿದೆ:
ನೀನು ಕಪ್ಪು ಎತ್ತುವುದು ಹೇಗೆ?
ಎತ್ತಿದಳು. ಇಟ್ಟಳು.
ಅಲ್ಲ, ಹೇಗೆ? ಮೊದಲು ಯಾವ ಬೆರಳು? ಎಷ್ಟು ಬಿಗಿ?
ಮತ್ತೆ ಎತ್ತಿದಳು. ಈ ಸಲ ಕೈ ನಡುಗಿ
ಚಹಾ ನನ್ನ ಪುಟಗಳ ಮೇಲೆ ಚೆಲ್ಲಿತು.
'ನೋಡು ಮಗಾ, ನೀ ಕೇಳಿದ್ದೇ ತಡ,
ಕೈಗೆ ಮರೆತುಹೋಯ್ತು.'

ಆಮೇಲೆ ಅವಳ ಕೈಯ ಫಿಲ್ಮು ತೆಗೆದೆವು,
ಹದಿನಾಲ್ಕು ಸುರುಳಿ, ಗೆಣ್ಣು ಗೆಣ್ಣಿಗೂ ಮಸಿಯ ಚುಕ್ಕೆ.
ಕ್ರಿಸ್‌ಮಸ್ ಕಳೆಯಿತು. ಕೈ ಎರಡು ಕಪ್ಪು ಒಡೆಯಿತು,
ಮೂರನೆಯ ಸಲ ನನ್ನ ಹೆಬ್ಬೆರಳು.

ಮಾರ್ಚಿನ ಒಂದು ಮಂಗಳವಾರ ರಾತ್ರಿ
ನೆಟ್ಟಿ ಕೋಟು ತೊಟ್ಟು ಹೊರಟವಳು ತಿರುಗಿ ಬಂದು
ಏನೂ ಹೇಳದೆ ದೀಪವನ್ನು
ಕಪ್ಪಿನ ನೆತ್ತಿಗೆ ಎಳೆದಳು.
ನೆರಳು ಬುಡದಡಿಗೆ ಹೋಗಿ ಅಡಗಿತು.
ನೂಲು ಕಾಣದಿದ್ದರೆ ಮಗ್ಗದಲ್ಲಿ ದೀಪ ಸರಿಸುತ್ತೇವೆ,
ಕಣ್ಣು ಕಿತ್ತು ಬೇರೆ ಹಾಕುವುದಿಲ್ಲ, ಅಂದಳು.

ಟಕಟಕ. ಕಪ್ಪು ಒಂದು.
ಕೈ ಹೋಯಿತು, ಹಿಡಿಯಿತು,
ನಾಲ್ಕು ಸೆಕೆಂಡು ಕಪ್ಪು ಗಾಳಿಯಲ್ಲಿ.
ಇಂಥದ್ದಕ್ಕೇ ಇರಬೇಕು ಕೈಗೂಡಿತು ಎಂಬ ಮಾತು.
ಫಾರ್ಕರ್ ಸಾಹೇಬರು ಕುರ್ಚಿಯ ಮೇಲೆ ಹತ್ತಿ ನಿಂತರು,
ಯಾಕೆ ಹತ್ತಿದೆನೆಂದು ತಿಳಿಯದೆ ಇಳಿದರು.

ವರದಿಯಲ್ಲಿ ನಾನು ಬರೆದದ್ದು:
'ಬೆಳಕಿನ ವ್ಯವಸ್ಥೆಯನ್ನು ಪರಿಷ್ಕರಿಸಲಾಯಿತು.'
ಪರಿಷ್ಕರಿಸಿದವರು ಯಾರು?
ಆ ವ್ಯಾಕರಣದಲ್ಲಿ ಯಾರೂ ಅಲ್ಲ.

ಮರುವರ್ಷ ಲಂಡನ್ನಿನಿಂದ ಎರಡು ಪ್ಯಾರಾದ ಪತ್ರ.
ಇನ್ನು ಹಣವಿಲ್ಲ. ಮಕ್ಕಳೂ ಎತ್ತುತ್ತವೆ ಕಪ್ಪು.
ನಿಜ, ಎತ್ತುತ್ತವೆ. ನನ್ನ ಮಗಳಿಗಾಗ ಹತ್ತು ತಿಂಗಳು,
ಅಡುಗೆಮನೆಯ ನೆಲದಲ್ಲಿ ಕೂತು
ಕುರ್ಚಿಯ ನೆರಳನ್ನು ಉಗುರಲ್ಲಿ ಕೆರೆದು ಕೀಳುತ್ತಿದ್ದಳು.
ಆ ಸಂಗತಿಯನ್ನೂ ಬರೆದು ಕಳಿಸಿದೆ. ಉತ್ತರವಿಲ್ಲ.

ಕಬ್ಬಿಣದ ಕೈಯ ಬೋಲ್ಟು ಬಿಚ್ಚಿ
ಸೆಣಬಿನ ಚೀಲದಲ್ಲಿ ಮಲಗಿಸಿದೆವು.
ದಬ್ಬಳ ಹಿಡಿದು ಬಾಯಿ ಹೊಲಿದವಳು ನೆಟ್ಟಿ.
ಎಷ್ಟು ಬೇಗ ಹೊಲಿದಳೆಂದರೆ
ಹದಿನಾಲ್ಕು ಸುರುಳಿಗೂ ಸಿಕ್ಕುತ್ತಿರಲಿಲ್ಲ.

ಗಂಟು ಹಾಕಿ, ದಾರ ಹಲ್ಲಲ್ಲಿ ಕಡಿದು,
ಚೀಲದ ಕಡೆ ಎರಡು ಬೆರಳೆತ್ತಿ ಏನೋ ಸನ್ನೆ ಮಾಡಿದಳು.
ಮೇಸ್ತ್ರಿ ಬಂದ ಎಂದೋ, ಸಂಬಳದ ದಿನವೆಂದೋ,
ಬೇರೆ ಏನೋ.
ಕೇಳಬಹುದಿತ್ತು. ಲಾರಿಯವನು ಹಾರ್ನು ಹೊಡೆಯುತ್ತಿದ್ದ.