ಕತ್ತಲೆ ಎಷ್ಟಿದೆ

ಅಂಗಡಿಯ ಹುಡುಗ ಸಫ್ವಾನ್ ಮೊದಲು ಕೇಳಿದ್ದು
ದುಡ್ಡೆಷ್ಟಿದೆ ಅಂತಲ್ಲ.
"ಚೋಂದಕ್ಕ, ನಿಮ್ಮ ರೂಮಲ್ಲಿ ಕತ್ತಲೆ ಎಷ್ಟಿದೆ?"

ಬಾಡಿಗೆ ಗೊತ್ತು. ಕರೆಂಟ್ ಬಿಲ್ಲು ಗೊತ್ತು.
ಗೋಣಿಕೊಪ್ಪಲಿನ ಬಸ್ ಸ್ಟ್ಯಾಂಡ್ ಹಿಂದೆ
ಬೇಕರಿಯ ಮೇಲಿನ ಈ ಮನೆಗೆ
ಮೆಟ್ಟಿಲು ಹತ್ತೊಂಬತ್ತು, ಅದೂ ಗೊತ್ತು.
ಕತ್ತಲೆಯನ್ನು ಯಾರು ಅಳೆದಿದ್ದರು?

ರಾತ್ರಿ ಲೈಟೆಲ್ಲ ಆರಿಸಿ ಕುರ್ಚಿ ಹಾಕಿ ಕೂತೆ.
"ಕರೆಂಟ್ ಹೋಯ್ತಾ?" ಒಳಗಿಂದ ಮೇದಪ್ಪ.
"ಇಲ್ಲ, ನೋಡ್ತಾ ಇದ್ದೇನೆ."
"ಏನನ್ನ?"
ಹೇಳಲು ಬರಲಿಲ್ಲ.

ಅಂದುಕೊಂಡಷ್ಟು ಕತ್ತಲೆ ಇರಲಿಲ್ಲ ನಮ್ಮಲ್ಲಿ.
ವೆಂಟಿಲೇಟರಿನಿಂದ ಬೇಕರಿ ಬೋರ್ಡಿನ ಕೆಂಪು,
ಬಾಗಿಲ ಸಂದಿಯಿಂದ ಮೆಟ್ಟಿಲ ಬಲ್ಬು,
ಸ್ಟೆಬಿಲೈಜರಿನ ಹಸಿರು ಚುಕ್ಕೆ,
ಮೂಲೆಯಲ್ಲಿ ಕಾರೋಣರಿಗೆ ಹಚ್ಚಿಟ್ಟ ದೀಪ.
ಬೋರ್ಡಿಗೆ ರಟ್ಟು ಅಡ್ಡ ಹಿಡಿಯಬಹುದು,
ಬಾಗಿಲಿಗೆ ಹಳೇ ಪಂಚೆ ತುರುಕಬಹುದು.
ದೀಪವನ್ನು ಊದುವ ಹಾಗಿಲ್ಲ,
ಎಣ್ಣೆ ತೀರಿ ತಾನೇ ಶಾಂತವಾಗಬೇಕು.

"ಹಾಗಾದರೆ ದೀಪವನ್ನೂ ಲೆಕ್ಕಕ್ಕೆ ಹಿಡಿಯೋಣ,"
ಅಂದ ಸಫ್ವಾನ್, ಭಾನುವಾರ ಟೇಪು ಹಿಡಿದು ಬಂದು.
"ಲುಮೆನ್ಸ್ ಸ್ವಲ್ಪ ಜಾಸ್ತಿಯದು ಬೇಕು, ಅಷ್ಟೇ."

ಗೋಡೆಯಿಂದ ಗೋಡೆಗೆ ಹನ್ನೊಂದು ಅಡಿ ನಾಲ್ಕಿಂಚು.
ಅದರಲ್ಲಿ ಕಬೋರ್ಡು ತಿಂದದ್ದು ಕಳೆ,
ಮೆಷಿನ್ನಿನ ಉದ್ದ ಕಳೆ,
ವೈರು ಬಾಗುವ ಜಾಗ ಕಳೆ.
ಉಳಿದದ್ದು ಒಂಬತ್ತು.
"ಒಂದೂವರೆ ಅಡಿ ದೂರಕ್ಕೆ ಒಂದಡಿ ಚಿತ್ರ, ಅಕ್ಕ.
ಒಂಬತ್ತಕ್ಕೆ ಆರು."
ನಾನು ಕನಸಿದ್ದು ಹತ್ತು.
ಗೋಡೆ ಹತ್ತಿರವೇ ಕೂತು ಹತ್ತಡಿ ಚೆಲ್ಲುವ ಮೆಷಿನ್ನೂ ಇದೆಯಂತೆ,
ಅದರ ಬೆಲೆಗೆ ನಮ್ಮ ಓಮ್ನಿಯನ್ನು ಮಾರಬೇಕು.

ಸೀಲಿಂಗಿಗೆ ತೂಗಿಸಿದರೆ ಫ್ಯಾನಿನ ರೆಕ್ಕೆ
ಹೀರೋಯಿನ್ನಿನ ಕತ್ತನ್ನು ನಿಮಿಷಕ್ಕೆ ಇನ್ನೂರು ಸಲ ಕೊಯ್ಯುತ್ತದೆ.
ಮೊಳೆ ಹೊಡೆಯಲು ಓನರು ಬಿಡುವುದಿಲ್ಲ.
ಗೋಡೆಗೋ ಅವರದೇ ಇಷ್ಟದ ತಿಳಿಹಸಿರು;
"ಎಲ್ಲರಿಗೂ ಕಾಮಾಲೆ ಬಂದ ಹಾಗೆ ಕಾಣ್ತದೆ,"
ನಕ್ಕು, ಬಿಳಿ ಬೆಡ್‌ಶೀಟಿಗೆ ಪಿನ್ನು ಸಿಕ್ಕಿಸಿದ.
ಜುಲೈ ಆಗಸ್ಟಿನಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ,
ಅಕ್ಕಿ ಡಬ್ಬಿಯಲ್ಲಿಡಿ ಅಂತಲೂ ಹೇಳಿದ.
ಕಂಪನಿಯವರು ಬಾಕ್ಸಿನ ಮೇಲೆ ಇದನ್ನು ಬರೆಯುವುದಿಲ್ಲ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಮೇದಪ್ಪ ಕೇಳಿದ್ದು ಒಂದೇ ಸಲ.
ಇಪ್ಪತ್ತಾರು ವರ್ಷ ಪೋಸ್ಟಾಫೀಸಿನ ಕೌಂಟರಿನಲ್ಲಿ
ಅಂಗೈಯಗಲದ ಕಿಂಡಿಯಿಂದ ಊರನ್ನು ನೋಡಿದವಳು ನಾನು.
ಒಬ್ಬರ ಗದ್ದ, ಒಬ್ಬರ ಮೂಗುಬೊಟ್ಟು,
ಪೆನ್ಷನ್ನಿಗೆ ಬರುವ ಮಾಚಯ್ಯನವರ ಮೀಸೆಯ ಎಡಭಾಗ.
ಒಂದು ಇಡೀ ಮುಖ ಬೇಕಿತ್ತು, ಗೋಡೆ ತುಂಬ.
ಹೀಗಂತ ಅವರಿಗೆ ಹೇಳಲಿಲ್ಲ.
"ಆಸೆ," ಎಂದೆ.

ಡೆಮೊ ಮೆಷಿನ್ನು ಹಚ್ಚಿದ. ಪೆನ್‌ಡ್ರೈವು ಅಂಗಡಿಯಲ್ಲೇ ಉಳಿದಿತ್ತು.
ಬೆಡ್‌ಶೀಟಿನ ಮೇಲೆ ಬರೀ ನೀಲಿ,
ಸಿಗ್ನಲ್ ಇಲ್ಲ ಎಂಬ ಎರಡು ಮಾತು.
ಶೀಟಿನ ಇಸ್ತ್ರಿ ಮಡಿಕೆ, ಕಾಫಿ ಕಲೆ, ಒಂದು ಹಲ್ಲಿ,
ಎಲ್ಲ ಸ್ಪಷ್ಟ.
ದೀಪ ತನ್ನ ಪಾಡಿಗೆ ಉರಿಯುತ್ತಿತ್ತು, ನೀಲಿ ಮಾಸಲಿಲ್ಲ.
ಮೇದಪ್ಪ ನೀರು ಕುಡಿಯಲು ಎದ್ದು ನಡುವೆ ಹಾದರು,
ಆರಡಿಯಲ್ಲಿ ಅವರ ಪಕ್ಕಮುಖ:
ಮೂಗಿನ ಗೆಣ್ಣು, ಕಿವಿಯ ಮೇಲೆ ನಾಲ್ಕು ಕೂದಲು.
"ಅಲ್ಲೇ ನಿಲ್ಲಿ," ಎಂದೆ.
"ಅಡ್ಡ ಬಂದೆನಾ?"
"ನಿಲ್ಲಿ ಅಂದರೆ ನಿಲ್ಲಿ."

ಆರಡಿಯದೇ ಸಾಕು ಅಂದೆ ಸಫ್ವಾನಿಗೆ.
ಅಡ್ವಾನ್ಸ್ ಎರಡು ಸಾವಿರ ಕೊಟ್ಟೆ,
ರಸೀದಿ ಕೇಳಿ ಪಡೆದೆ.

ಸೋಮವಾರ ಮಾಚಯ್ಯನವರು ಬಂದರು,
ಕಿಂಡಿಗೆ ಮೀಸೆ ಒತ್ತಿ.
"ಸ್ವಲ್ಪ ಹಿಂದೆ ಸರಿಯಿರಿ," ಎಂದೆ.
"ಯಾಕಮ್ಮ, ಸಹಿ ಸರಿ ಇಲ್ವಾ?"
"ಸರಿ ಇದೆ. ಇನ್ನೊಂದು ಹೆಜ್ಜೆ."