ನಾಲ್ಕನೆಯ ಗುಂಡಿ

ಇಳಿಜಾರು ನೂರಕ್ಕೆ ಅರವತ್ತೆರಡು.
ಆಡು ಕೂಡ ಒಂದು ಕಾಲು ಮಡಿಸಿಯೇ ನಿಲ್ಲುವಷ್ಟು.
ಬಲಗೈಯಲ್ಲಿ ಕೋನಮಾಪಕ, ಎಡಗೈಯಲ್ಲಿ ಒಂದು ಪೊದೆ
ಹಿಡಿದುಕೊಂಡು ನಾನು ಕೂಗಿದ್ದನ್ನು
ಪಾಷ್ಕ್ ಬರೆದುಕೊಂಡ:
ಮೇಲ್ಮೈ ಗರಸು, ನೂರರಲ್ಲಿ ಎಪ್ಪತ್ತು ಪಾಲು.
ಆಳ ಒಂದು ಗೇಣು. ಅದರ ಕೆಳಗೆ ಬಂಡೆ,
ಬಂಡೆಯ ಕೆಳಗೆ ಬಂಡೆಯ ಅಪ್ಪ.

ಆಮ್ಲದ ಹನಿ ಬಿದ್ದಲ್ಲಿ ಸುಣ್ಣಕಲ್ಲು ಬುಸ್ಸೆನ್ನುತ್ತದೆ.
ನೀರು ಸುರಿದು ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ
ಗರಸು ಕುಡಿದು ಬಾಯಿ ಒರೆಸಿಕೊಂಡಾಗಿರುತ್ತದೆ.
ಮೂರು ಗುಂಡಿ ತೋಡಿದೆವು.
ಮೂರೂ ಒಂದೇ ಮಾತು ಹೇಳಿದವು:
ಉಳುಮೆಗೆ ಸಲ್ಲ. ಏಳನೆಯ ದರ್ಜೆ.

'ಹತ್ತಕ್ಕೆ ಏಳೇ?' ದ್ರಾನೆ ಕುಡುಗೋಲು ನಿಲ್ಲಿಸಿ ಕೇಳಿದಳು.
'ಪರವಾಗಿಲ್ಲ. ನನ್ನ ಮಗಳಿಗೆ ಗಣಿತದಲ್ಲಿ ಐದು.'
ಎಂಟಕ್ಕೆ ಏಳು, ಹೆಚ್ಚಾದಷ್ಟೂ ಕೆಟ್ಟದ್ದು ಎಂದೆ.
ಅವಳು ಬೆನ್ನ ಮೇಲಿನ ಹೊರೆ ಸರಿಮಾಡಿಕೊಂಡಳು:
ಬೂದಿ ಬಣ್ಣದ ಎಲೆಯ ಶೆರ್ಬೆಲಾ,
ಶ್ಕೋದ್ರಾದ ವ್ಯಾಪಾರಿ ಕಿಲೋ ಲೆಕ್ಕದಲ್ಲಿ ಕೊಳ್ಳುವ ಸೊಪ್ಪು.

ನಾಲ್ಕನೆಯದು ಕಾಡುಪೇರು ಮರದ ಪಕ್ಕ,
ಕುಸಿದ ಗೋಡೆಯ ಒಂದು ತುಂಡಿನ ಹಿಂದೆ.
ಅಲ್ಲಿ ಗುದ್ದಲಿ ಕಿರುಚಲಿಲ್ಲ.
ಸುಮ್ಮನೆ ಇಳಿಯಿತು.
ಎರಡು ಗೇಣು ಕೆಂಜೇಡಿ, ಒಂದೂ ಕಲ್ಲಿಲ್ಲದೆ!
ಉಗುಳು ಹಾಕಿ ಮಿದ್ದೆ. ಹೆಬ್ಬೆರಳು ಒತ್ತಿದಂತೆ
ರಿಬ್ಬನ್ನಿನ ಹಾಗೆ ಉದ್ದುದ್ದ ಬಂತು, ತುಂಡಾಗಲಿಲ್ಲ.
ಬಣ್ಣದ ಪುಸ್ತಕದಲ್ಲಿ ಈ ಬೆಟ್ಟದ ಪುಟವೇ ಅಲ್ಲ ಅದು.
ನಡುವೆ ಒಂದು ಬಸವನಹುಳುವಿನ ಚಿಪ್ಪು,
ಹೊಳೆಯದ್ದು.
ಹೊಳೆ ಕೆಳಗಿದೆ, ಎರಡು ಗಂಟೆ ಇಳಿದರೆ.

'ಗಾಳಿ ತಂದಿರಬೇಕು,' ಪಾಷ್ಕ್ ಅಂದ.
'ಹೌದು,' ಅಂದಳು ದ್ರಾನೆ, 'ಗಾಳಿಯ ಹೆಸರು ಮ್ರಿಕಾ.
ನನ್ನ ತಾಯಿ.'

ಬೆಟ್ಟವನ್ನೂ ಬಯಲು ಮಾಡಿ ಎಂದು
ಎದುರಿನ ಗುಡ್ಡದ ಮೇಲೆ ಸುಣ್ಣ ಬಳಿದ ಕಲ್ಲಲ್ಲಿ
ಆಳೆತ್ತರದ ಅಕ್ಷರ ಬರೆಸಿದ್ದ ಕಾಲ.
ದಿನಕ್ಕೆ ಹನ್ನೆರಡು ಬುಟ್ಟಿ, ಹೊಳೆದಂಡೆಯ ಮಣ್ಣು,
ಇಡೀ ದಾರಿ ಹೆಂಗಸರ ಸಾಲು, ಕೈಯಿಂದ ಬೆನ್ನಿಗೆ,
ನಾಲ್ಕು ಚಳಿಗಾಲ.
ದ್ರಾನೆ ಹುಟ್ಟಿದ ದಿನ ಲೆಕ್ಕ ಒಂಬತ್ತಕ್ಕೆ ನಿಂತಿತಂತೆ.
ಮೂರು ಬಾಕಿ ಎಂದು ಬರೆದಿಟ್ಟರಂತೆ.
ಎರಡು ವರ್ಷ ಗೋಧಿ ಬಂತು, ಮೊಣಕಾಲೆತ್ತರ.
ಮೂರನೆಯ ವಸಂತದಲ್ಲಿ ಮೂರು ದಿನ ಮಳೆ.
ಹೊಳೆ ತನ್ನದನ್ನು ತಾನು ಎಣಿಸಿ ತೆಗೆದುಕೊಂಡಿತು.
ಈ ಮೂಲೆಯೊಂದು ಲೆಕ್ಕ ತಪ್ಪಿತು.

'ಇಲ್ಲಿ ಮಣ್ಣು ಮಾಡಿದವಳು ಅವಳು.
ಅವಳನ್ನು ಮಣ್ಣು ಮಾಡಲು ಇಲ್ಲಿ ಆಳ ಸಾಲದೆ
ಕೆಳಗೆ ಹೊತ್ತುಕೊಂಡು ಹೋದೆವು.'

'ಹಾಗಾದರೆ ಇಲ್ಲಾದರೂ ಏನಾದರೂ ಹಾಕಬಹುದಲ್ಲ?' ಎಂದೆ.
'ಶೆರ್ಬೆಲಾ ಹಾಕಿ ನೋಡಿದೆ. ಬೇರು ಕೊಳೆಯಿತು.
ಅದಕ್ಕೆ ಗರಸೇ ಆಗಬೇಕು, ಕಡಿದಾದ ಜಾಗವೇ ಆಗಬೇಕು.
ನಿನ್ನ ಏಳನೆಯ ದರ್ಜೆ ನನಗೆ ಊಟ ಹಾಕುತ್ತದೆ.
ಅಮ್ಮನ ಮಣ್ಣು ಈ ಪೇರು ಮರ ಒಂದಕ್ಕೆ.
ಹಣ್ಣು ಒಗರು. ಆಡೂ ಮುಟ್ಟುವುದಿಲ್ಲ.'

ನಮೂನೆಯಲ್ಲಿ ಒಂದು ಅಂಕಣ: ಮಾತೃಶಿಲೆ.
ಪಾಷ್ಕನ ಪೆನ್ನು ಅಲ್ಲಿ ನಿಂತು ನನ್ನ ಮುಖ ನೋಡಿತು.
ಸುಣ್ಣಕಲ್ಲು ಅಂತಲೇ ಬರಿ, ಎಂದೆ.
ಅವನು ಬರೆದ. ಅಕ್ಷರ ಸ್ವಲ್ಪ ಸಣ್ಣದಾಗಿ.

ಪರೀಕ್ಷೆಗೆಂದು ಒಂದು ಕಿಲೋ ಚೀಲಕ್ಕೆ ತುಂಬಿದೆ,
ದಾರ ಕಟ್ಟಿದೆ, ಚೀಟಿ ಅಂಟಿಸಿದೆ.
'ಕೆಳಕ್ಕೆ ಒಯ್ಯುತ್ತೀಯಾ?'
ಅಷ್ಟೇ ಕೇಳಿದಳು, ಸೊಪ್ಪು ಕೊಯ್ಯುತ್ತಲೇ,
ತಿರುಗಿ ನೋಡದೆ.

ದಾರ ಬಿಚ್ಚಿದೆ. ಗುಂಡಿಗೆ ಸುರಿದೆ.
ಪೂರ್ತಿ ಅಲ್ಲ.
ಇನ್ನೂರು ಗ್ರಾಂ ಇದ್ದರೆ ಪ್ರಯೋಗಾಲಯಕ್ಕೆ ಆದೀತು.