ಎರಡು ಗಿಡ್ಡ, ಒಂದು ಉದ್ದ

ಸಾಸವಡದಿಂದ ಜೇಜುರಿಯ ಕಡೆ ಹೋಗುವಾಗ
ಅಂಜೂರದ ತೋಟ ಮುಗಿದಲ್ಲಿ ಒಂದು ತಗಡಿನ ಶೆಡ್ಡು.
ಅಲ್ಲಿ ನನಗೆ ಸಂಬಳ ಕೊಡುವುದು
ಸಿಳ್ಳೆ ಹಾಕುವುದಕ್ಕೆ.

ಎಮುವಿನ ಮೊಟ್ಟೆ ಹಾಳು ಬಾವಿಯ ನೀರಿನಷ್ಟು ಕಡುಹಸಿರು,
ಬ್ಯಾಟರಿ ಒತ್ತಿ ಹಿಡಿದರೂ ಬೆಳಕು ಒಳಗೆ ಇಳಿಯದು.
ಕೋಳಿಮೊಟ್ಟೆಯಂತೆ ದೀಪಕ್ಕೆ ಹಿಡಿದು
ಜೀವ ಉಂಟೋ ಇಲ್ಲವೋ ಎಂದು ನೋಡಲಾಗದು.
ಕರೆಯಬೇಕು.

ನಲವತ್ತೆಂಟನೇ ದಿನ ಮಷೀನಿನಿಂದ ತೆಗೆದು
ಹಲಗೆಯ ಮೇಲಿಟ್ಟು, ಬಗ್ಗಿ,
ಎರಡು ಗಿಡ್ಡ, ಒಂದು ಉದ್ದ.
ಬದುಕಿದ್ದರೆ ಅಲುಗುತ್ತದೆ,
ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದಷ್ಟು.
ಅಲುಗದ್ದನ್ನು ಜಗತಾಪರು ವಹಿಯಲ್ಲಿ ಬರೆದುಕೊಳ್ಳುತ್ತಾರೆ.
ಅದಕ್ಕೂ ಇನ್ನೊಂದು ಸಲ ಹಾಕುತ್ತೇನೆ.
ಅದು ಸಂಬಳದಲ್ಲಿಲ್ಲ.

ಹೆಣ್ಣು ಸಿಳ್ಳೆ ಹಾಕಿದರೆ ಮನೆಗೆ ಕೇಡು ಎಂದಿದ್ದಳು ಸೋದರತ್ತೆ.
ಕೇಡು ಅಷ್ಟೊತ್ತಿಗೆ ಬಂದು ಕೂತು ಎದ್ದು ಹೋಗಿತ್ತು:
ಅವ್ವ ಇರಲಿಲ್ಲ. ಸತ್ತಿರಲಿಲ್ಲ; ಇರಲಿಲ್ಲ.
ಅಪ್ಪ ಸೊಲ್ಲಾಪುರದಲ್ಲಿ ಚಾದರದ ಮಗ್ಗ ನಡೆಸುತ್ತಿದ್ದ.
ನಲವತ್ತು ಮಗ್ಗ ಒಟ್ಟಿಗೆ ಬಡಿಯುವಲ್ಲಿ
ಯಾರ ಮಾತು ಯಾರಿಗೆ ಕೇಳೀತು?
ಉದ್ದ ಒಂದೇ ಎಂದರೆ ಎಳೆ ಹರಿಯಿತು.
ಎರಡು ಗಿಡ್ಡ, ಒಂದು ಉದ್ದ ಎಂದರೆ
"ಕಾಶೀ, ಬಾರವ್ವಾ, ಬುತ್ತಿ ಬಿಚ್ಚೀನಿ."

ಒಡೆದು ಬಂದ ಮರಿ ಮೈತುಂಬ ಪಟ್ಟೆ, ಕೆನೆಯ ಮೇಲೆ ಕಂದು,
ಮಗ್ಗದಿಂದ ಈಗಷ್ಟೇ ಕತ್ತರಿಸಿದ ತುಂಡು.
ನುಣ್ಣನೆಯ ನೆಲದಲ್ಲಿ ಜಾರಿತೋ, ಮುಗಿಯಿತು,
ಕಾಲೆರಡೂ ಬೇರೆ ಬೇರೆ ಊರಿಗೆ ಹೊರಡುತ್ತವೆ.
ಅದಕ್ಕೇ ಗೋಣಿತಟ್ಟು ಹಾಸುವುದು.
ಹಾಸಿದರೂ ಒಂದಕ್ಕೆ ಹಾಗಾಯಿತು.
"ಬಿಡು" ಎಂದರು ಡಾಕ್ಟರ್ ತಾಂಬೆ.
ಸೀರೆಯ ಅಂಚು ಹರಿದು, ನಡುವೆ ಮೂರು ಬೆರಳು ಬಿಟ್ಟು,
ಎರಡೂ ಕಾಲು ಸೇರಿಸಿ ಕಟ್ಟಿದೆ.
ಹೊಟ್ಟೆಯಡಿ ಕೈ ಕೊಟ್ಟು ನಿಲ್ಲಿಸಿದೆ,
ಬಿತ್ತು, ನಿಲ್ಲಿಸಿದೆ, ಬಿತ್ತು.
ಆರನೇ ದಿನ ತಾನೇ ನಡೆದು ಹೋಗಿ
ನೀರಿನ ತಟ್ಟೆಯೊಳಗೆ ಬಿತ್ತು.

ಮೂರು ತಿಂಗಳಿಗೆ ಪಟ್ಟೆ ಅಳಿಸಿತು.
ವರ್ಷಕ್ಕೆ ನನ್ನ ನೆತ್ತಿ ದಾಟಿತು.
ಗಂಡೋ ಹೆಣ್ಣೋ ಮೈ ನೋಡಿದರೆ ತಿಳಿಯದು,
ದನಿ ಒಡೆಯುವ ತನಕ ಕಾಯಬೇಕು.
ಗಂಡು ಗೊರಗೊರ ಎನ್ನುತ್ತದೆ.
ಹೆಣ್ಣಿನ ಕೊರಳ ಚೀಲದಲ್ಲಿ ಡೊಳ್ಳು ಇರುತ್ತದೆ.
ಮಾರ್ಗಶಿರದ ಒಂದು ರಾತ್ರಿ ಚಳಿಗೆ ಎಚ್ಚರಾಗಿ ಕೇಳಿದೆ,
ಢುಂ. ಬಹಳ ಹೊತ್ತಾದ ಮೇಲೆ, ಢುಂ.
ನನ್ನ ಪಕ್ಕೆಲುಬಿನೊಳಗೇ ಯಾರೋ ಬಾರಿಸಿದ ಹಾಗೆ.

ಮೊಟ್ಟೆಯಿಟ್ಟು ಅವಳು ಹೊರಟುಹೋಗುತ್ತಾಳೆ. ಅವಳ ಜಾತಿಯೇ ಹಾಗೆ.
ಕಾವು ಕೂರುವುದು ಗಂಡು,
ಎಂಟು ವಾರ ಕಾಳು ಮುಟ್ಟದೆ.
ಮೊಟ್ಟೆಯನ್ನು ನಾವು ಮಷೀನಿಗೆ ಒಯ್ದ ಮೇಲೂ
ಮೂರನೇ ಬೇಲಿಯ ಗಂಡು ಖಾಲಿ ಕುಳಿಯಲ್ಲಿ ಕೂತೇ ಇತ್ತು,
ಇಟ್ಟಿಗೆಯ ತುಂಡೊಂದನ್ನು ಕೊಕ್ಕಿನಿಂದ ಹೊರಳಿಸುತ್ತ.
ಅಪ್ಪನಿಗೆ ಹೇಳಬೇಕಿತ್ತು. ಹೇಳಿದ್ದರೆ ನಗುತ್ತಿದ್ದನೇನೋ:
"ನಾ ರೊಟ್ಟಿ ತಿಂದೀನವ್ವಾ, ಅದರಂಗಲ್ಲ."

ಹೆಣ್ಣುಹಕ್ಕಿಗೆ ಶೆಡ್ಡಿನ ಹುಡುಗರು ಮರಾಠಿಯಲ್ಲಿ
ಒಂದು ಹೆಸರಿಟ್ಟಿದ್ದಾರೆ, ಇಲ್ಲಿ ಬರೆಯುವಂಥದ್ದಲ್ಲ.
ನಾನು ನಗುವುದಿಲ್ಲ. ಜಗಳಕ್ಕೂ ಹೋಗುವುದಿಲ್ಲ.
ಆ ಡೊಳ್ಳು ಕೇಳಿದವಳು ನಾನು.

ಮೊನ್ನೆ ಬೇಲಿಯ ಹತ್ತಿರ ನಿಂತು ಸುಮ್ಮನೆ ಹಾಕಿದೆ,
ಎರಡು ಗಿಡ್ಡ, ಒಂದು ಉದ್ದ.
ಆಚೆ ತುದಿಯಲ್ಲಿ ಒಂದು ಕತ್ತು ತಿರುಗಿತು.
ಲಂಗ ಎತ್ತಿಕೊಂಡು ಬಸ್ಸು ಹಿಡಿಯುವ ಮುದುಕಿಯಂತೆ
ಓಡಿ ಬಂದು ನಿಂತು,
ಒಂದು ಕಣ್ಣಿಂದ ನೋಡಿತು, ತಿರುಗಿ ಇನ್ನೊಂದರಿಂದ.
ಗುರುತೋ, ಹಸಿವೋ,
ಸೀರೆಯ ಮೇಲೆ ತೊಟ್ಟ ಅಪ್ಪನ ಅಂಗಿಯಿಂದ
ತಟಕ್ಕನೆ ಗುಂಡಿ ಕಿತ್ತು ನುಂಗಿತು.

ಮೂರನೇ ದಿನ ಹಿಕ್ಕೆಯಲ್ಲಿ ಸಿಕ್ಕಿತು.
ತೊಳೆದು ಹೊಲಿದುಕೊಂಡಿದ್ದೇನೆ.
ದಾರ ಮಾತ್ರ ಬೇರೆ ಬಣ್ಣ.